ಹಾವು ಕಡಿತ: ಪುಣೆಯ ಶೆಡ್ಡುಗಳಲ್ಲಿ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪುಣೆಯಲ್ಲಿ ಸ್ಟಾಫ್ ನರ್ಸ್. ಊರು ವಿಜಯಪುರದ ಕಡೆ. ರಜೆ ಸಿಕ್ಕ ಭಾನುವಾರ ವಾಘೋಲಿ, ಮಾಂಜರಿ, ಹಿಂಜವಡಿ ಕಡೆಯ ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಹೋಗುತ್ತೇನೆ. ಅಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ನಮ್ಮ ಜನ ತುಂಬಾ ಇದ್ದಾರೆ. ಬೇಸಿಗೆಯಲ್ಲಿ ಬಿಪಿ, ಶುಗರ್, ಮಕ್ಕಳ ಭೇದಿ ಬಗ್ಗೆ ಕೇಳುತ್ತಾರೆ. ಮಳೆ ಹಿಡಿಯಿತೆಂದರೆ ಹಾವಿನದೇ ಮಾತು. ಅಲ್ಲಿ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

ಈಗಲೇ ಯಾರಿಗಾದರೂ ಹಾವು ಕಡಿದಿದ್ದರೆ ಓದುವುದನ್ನು ಬಿಡಿ. 108ಕ್ಕೆ ಫೋನ್ ಮಾಡಿ. ಮಿಕ್ಕಿದ್ದನ್ನು ದಾರಿಯಲ್ಲಿ ಓದಬಹುದು.

ಅಕ್ಕಾ, ಕಡಿದ ಕೂಡಲೇ ಮೊದಲು ಏನು ಮಾಡಬೇಕು?

ಹಾವಿನಿಂದ ದೂರ ಸರಿಯಿರಿ. ಅದು ಇನ್ನೊಂದು ಸಲ ಕಡಿಯಬಹುದು. ಬಿಡಿಸಲು ಬಂದವರನ್ನೂ ಕಡಿಯಬಹುದು.

ಆಮೇಲೆ ಕಡಿಸಿಕೊಂಡವರನ್ನು ಮಲಗಿಸಿ. ಓಡಲು, ನಡೆಯಲು ಬಿಡಬೇಡಿ. ಕೈಕಾಲು ಆಡಿಸಿದಷ್ಟೂ ವಿಷ ಬೇಗ ಹರಡುತ್ತದೆ. ಕಾಲುಂಗುರ, ಗೆಜ್ಜೆ, ಬಳೆ, ಉಂಗುರ, ವಾಚು ಎಲ್ಲಾ ತೆಗೆದುಬಿಡಿ. ಊತ ಏರಿದ ಮೇಲೆ ಅವು ಹೊರಗೆ ಬರುವುದಿಲ್ಲ. ಒಬ್ಬ ಹೆಣ್ಣುಮಗಳ ಕಾಲುಂಗುರವನ್ನು ನಾವು ಕತ್ತರಿಸಿ ತೆಗೆಯುವಷ್ಟರಲ್ಲಿ ಬೆರಳು ಕಪ್ಪಾಗಿತ್ತು. "ಮುತ್ತೈದೆ ಕಾಲುಂಗುರ ತೆಗೀಬಾರದು" ಅಂತ ಅತ್ತೆ ತಡೆದಿದ್ದರಂತೆ. ಜೀವ ಉಳಿದರೆ ಇನ್ನೊಂದು ಜೊತೆ ಹಾಕಿಕೊಳ್ಳಬಹುದು, ಅಲ್ವಾ?

ಮೂಳೆ ಮುರಿದಾಗ ಮಾಡುವ ಹಾಗೆ, ಕಡಿದ ಕೈಗೋ ಕಾಲಿಗೋ ಒಂದು ಹಲಗೆ, ಕೋಲು, ಮಡಚಿದ ರಟ್ಟು ಏನಾದರೂ ಇಟ್ಟು ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಅಲುಗಾಡದಿದ್ದರೆ ಸಾಕು. ವಾಂತಿ ಬರುತ್ತಿದ್ದರೆ ಎಡಕ್ಕೆ ಮಗ್ಗುಲಾಗಿ ಮಲಗಿಸಿ. ಕಡಿದ ಹೊತ್ತು ಎಷ್ಟು ಅಂತ ಫೋನಿನಲ್ಲಿ ಬರೆದಿಡಿ. ಊತ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಟೈಮ್ ಬರೆಯಿರಿ. ಡ್ಯೂಟಿಯಲ್ಲಿರುವ ಡಾಕ್ಟರಿಗೆ ಆ ಗೆರೆ ನೂರು ಮಾತಿಗಿಂತ ಜಾಸ್ತಿ ಹೇಳುತ್ತದೆ.

ಗಾಯ ಕುಯ್ಯಬೇಡಿ. ಬಾಯಿಂದ ಹೀರಬೇಡಿ. ಉಜ್ಜಿ ತೊಳೆಯಬೇಡಿ. ಐಸ್, ಸುಣ್ಣ, ಅರಿಶಿನ ಬೇಡ. ಧೈರ್ಯ ಬರಲಿ ಅಂತ ಸಾರಾಯಿ ಕುಡಿಸಬೇಡಿ. ನೋವಿಗೆ ಅಂತ ಮೆಡಿಕಲ್ ಅಂಗಡಿಯ ಮಾತ್ರೆಯನ್ನೂ ಕೊಡಬೇಡಿ. ಕೆಲವು ನೋವಿನ ಮಾತ್ರೆಗಳು ರಕ್ತ ಸೋರುವುದನ್ನು ಜಾಸ್ತಿ ಮಾಡುತ್ತವೆ.

ಮೇಲೆ ಹಗ್ಗ ಬಿಗಿದು ಕಟ್ಟಿದರೆ ವಿಷ ಏರಲ್ಲ ಅಂತಾರಲ್ಲ?

ಬಿಗಿದು ಕಟ್ಟಿದರೂ ವಿಷ ಪೂರ್ತಿ ನಿಲ್ಲುವುದಿಲ್ಲ, ಏರುತ್ತದೆ. ಕಟ್ಟಿನ ಕೆಳಗೆ ರಕ್ತ ಓಡುವುದು ನಿಲ್ಲುತ್ತದೆ. ಮಂಡಲದ ಜಾತಿಯ ಹಾವಿನ ವಿಷ ಮೊದಲೇ ಮಾಂಸ ಕೊಳೆಸುತ್ತದೆ. ಅದನ್ನು ಒಂದೇ ಕಡೆ ಕಟ್ಟಿಹಾಕಿದರೆ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು.

ಯಾರಾದರೂ ಆಗಲೇ ಕಟ್ಟಿಬಿಟ್ಟಿದ್ದರೆ? ದಾರಿಯಲ್ಲಿ ಗಾಬರಿಯಿಂದ ಒಮ್ಮೆಲೇ ಬಿಚ್ಚಬೇಡಿ. ತಡೆದು ನಿಂತ ವಿಷ ಒಟ್ಟಿಗೆ ಮೈಗೆ ನುಗ್ಗಬಹುದು. ಆಸ್ಪತ್ರೆ ತಲುಪಿದ ಕೂಡಲೇ "ಕಟ್ಟಿದ್ದೇವೆ" ಅಂತ ತೋರಿಸಿ. ಔಷಧ ಕೈಲಿಟ್ಟುಕೊಂಡು ಅವರು ಬಿಚ್ಚುತ್ತಾರೆ.

ಯಾವ ಹಾವು ಅಂತ ಗೊತ್ತಾಗಬೇಕಲ್ವಾ? ಹೊಡೆದು ತರಬೇಕಾ?

ಬೇಡ. ಹೊಡೆಯಲು ಹೋಗಿ ಎರಡನೆಯವರೂ ಕಡಿಸಿಕೊಂಡು ಬಂದಿದ್ದನ್ನು ನೋಡಿದ್ದೇನೆ. ಕತ್ತರಿಸಿದ ಹಾವಿನ ತಲೆ ಕೂಡ ಸ್ವಲ್ಪ ಹೊತ್ತಿನವರೆಗೆ ಕಡಿಯಬಲ್ಲದು. ದೂರದಿಂದ ಫೋಟೊ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಚಿಂತೆ ಬೇಡ. ನಮ್ಮಲ್ಲಿ ಕೊಡುವ ಔಷಧ ನಾಲ್ಕು ಮುಖ್ಯ ಹಾವುಗಳಿಗೂ ಸೇರಿ ಒಂದೇ. ಡಾಕ್ಟರ್ ನೋಡುವುದು ಹಾವನ್ನಲ್ಲ, ಮೈಮೇಲಿನ ಲಕ್ಷಣವನ್ನು.

ಪುಣೆ ಕಡೆ ವಿಷದ ಹಾವು ಯಾವ ಯಾವುದು?

ಮುಖ್ಯವಾಗಿ ನಾಲ್ಕು. ಮರಾಠಿ ಹೆಸರನ್ನೂ ಕಲಿತುಕೊಳ್ಳಿ. ಆಸ್ಪತ್ರೆಯಲ್ಲಿ, ಆಂಬುಲೆನ್ಸಿನಲ್ಲಿ ಅದೇ ಹೆಸರು ನಡೆಯುವುದು.

ನಾಗರಹಾವು ಎಲ್ಲರಿಗೂ ಗೊತ್ತು, ಇಲ್ಲಿಯೂ ಅದು ನಾಗ್. ಕಡಿದ ಜಾಗ ಊದಿ ಉರಿಯುತ್ತದೆ. ಆಮೇಲೆ ರೆಪ್ಪೆ ಜೋತು ಬೀಳುತ್ತದೆ, ನುಂಗಲು ಆಗುವುದಿಲ್ಲ, ಉಸಿರು ಸೋಲುತ್ತದೆ.

ಕೊಳಕುಮಂಡಲಕ್ಕೆ ಇಲ್ಲಿ ಘೋಣಸ್ ಅಂತಾರೆ. ದಪ್ಪ ಮೈ, ಬೆನ್ನಿನ ಮೇಲೆ ಸರಪಳಿಯ ಹಾಗೆ ಕಂದು ಮಚ್ಚೆಗಳ ಸಾಲು. ಕುಕ್ಕರ್ ಸೀಟಿಗೆ ಮುಂಚೆ ಬುಸುಗುಟ್ಟುತ್ತದಲ್ಲ, ಹಾಗೆ ಸದ್ದು ಮಾಡುತ್ತದೆ. ಮರಿ ಹೆಬ್ಬಾವು ಅಂದುಕೊಂಡು ಕೈ ಹಾಕಿದವರಿದ್ದಾರೆ. ಇದರ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ತಪ್ಪಿಸುತ್ತದೆ. ವಸಡಿನಿಂದ, ಹಳೆಯ ಗಾಯದಿಂದ ರಕ್ತ ಸೋರುತ್ತದೆ. ಮೂತ್ರಪಿಂಡ ಕೆಡುತ್ತದೆ. ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತದೆ. ಮೂತ್ರ ಕಮ್ಮಿಯಾದರೆ, ಕೆಂಪಗೆ ಬಂದರೆ ತಕ್ಷಣ ಹೇಳಿ.

ಗರಗಸ ಮಂಡಲ ಅಂದರೆ ಫುರಸೆ. ಚಿಕ್ಕದು, ಒಂದು ಮೊಳಕ್ಕಿಂತ ಸ್ವಲ್ಪ ಉದ್ದ. ಕಲ್ಲು, ಒಣ ನೆಲ ಅದರ ಮನೆ. ರತ್ನಾಗಿರಿ, ಸಿಂಧುದುರ್ಗ ಕಡೆ ತುಂಬಾ ಇದೆ. ಕೊಂಕಣಕ್ಕೆ ಕೆಲಸಕ್ಕೆ ಹೋಗುವವರು ನೆನಪಿಡಿ. ಇದರ ವಿಷವೂ ರಕ್ತದ ಮೇಲೇ ಕೆಲಸ ಮಾಡುತ್ತದೆ.

ನಾಲ್ಕನೆಯದು ಕಟ್ಟುಹಾವು, ಮರಾಠಿಯಲ್ಲಿ ಮಣ್ಯಾರ್. ಶೆಡ್ಡಿನಲ್ಲಿ ಮಲಗುವ ನಮ್ಮವರ ವಿಷಯದಲ್ಲಿ ನನಗೆ ಅತಿ ಹೆಚ್ಚು ಭಯ ಇರುವುದು ಇದರದ್ದೇ. ಹಾಗಾಗಿ ಕೆಳಗೆ ಬೇರೆಯಾಗಿ ಬರೆದಿದ್ದೇನೆ.

ಕೇರೆಹಾವು, ಅಂದರೆ ಇಲ್ಲಿಯವರ ಧಾಮಣ್, ಪಾಪ, ನಾಗರ ಅಂದುಕೊಂಡು ಜಾಸ್ತಿ ಪೆಟ್ಟು ತಿನ್ನುವುದು. ವಿಷ ಇಲ್ಲ. ಇಲಿ ತಿಂದು ನಮಗೆ ಉಪಕಾರ ಮಾಡುತ್ತದೆ.

ಗುರುತೂ ಇಲ್ಲ, ನೋವೂ ಇಲ್ಲ. ಆದರೂ ಹಾವು ಕಡಿದಿರಬಹುದಾ?

ಹೌದು. ಈ ಒಂದು ಉತ್ತರವನ್ನು ದಯವಿಟ್ಟು ಪೂರ್ತಿ ಓದಿ.

ಒಂದು ಜುಲೈ ತಿಂಗಳು. ಗೌಂಡಿಯೊಬ್ಬರ ಮಗ, ಎಂಟು ವರ್ಷ. ಅಪ್ಪ ಅವ್ವನ ನಡುವೆ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಮಲಗಿದ್ದ. ಬೆಳಗಿನ ಜಾವ ನಾಲ್ಕಕ್ಕೆ ಹೊಟ್ಟೆನೋವು ಅಂತ ಎದ್ದ. ಎರಡು ಸಲ ವಾಂತಿ ಆಯಿತು. ರಾತ್ರಿ ತಿಂದ ವಡಾಪಾವ್ ಆಗಿಬಂದಿಲ್ಲ ಅಂದುಕೊಂಡರು. ಓಮಿನ ನೀರು ಕುಡಿಸಿದರು. ಬೆಳಿಗ್ಗೆ ಹತ್ತಿರದ ಒಂದು ಸಣ್ಣ ಕ್ಲಿನಿಕ್ ತೆರೆದ ಮೇಲೆ ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಒಂಬತ್ತೂವರೆಗೆ ಹುಡುಗ, "ಅವ್ವಾ, ನೀ ಇಬ್ಬರಾಗಿ ಕಾಣ್ತಿ" ಅಂದನಂತೆ. ಆಗ ಅವರಿಗೆ ದಿಗಿಲಾಯಿತು.

ನಮ್ಮ ಹತ್ತಿರ ಬಂದಾಗ ಅವನು ತಲೆಯನ್ನು ಹಿಂದಕ್ಕೆ ಎತ್ತಿ ನನ್ನನ್ನು ನೋಡುತ್ತಿದ್ದ. ರೆಪ್ಪೆ ಎತ್ತಲು ಆಗುತ್ತಿರಲಿಲ್ಲ, ಅದಕ್ಕೆ ತಲೆ ಎತ್ತುತ್ತಿದ್ದ. "ಒಂದೇ ಉಸಿರಿನಲ್ಲಿ ಇಪ್ಪತ್ತರ ತನಕ ಎಣಿಸು, ಪುಟ್ಟಾ" ಅಂದೆ. ಒಂಬತ್ತಕ್ಕೆ ನಿಂತುಬಿಟ್ಟ. ಮೈಯೆಲ್ಲಾ ಹುಡುಕಿದೆವು. ಹಲ್ಲಿನ ಗುರುತು ಒಂದೂ ಇಲ್ಲ. ಡಾಕ್ಟರ್ ಗುರುತಿಗಾಗಿ ಕಾಯಲಿಲ್ಲ. ಹಾವಿನ ವಿಷದ ಔಷಧ ಶುರು ಮಾಡಿಸಿದರು. ಅರ್ಧ ಗಂಟೆಯಲ್ಲಿ ಉಸಿರು ಪೂರ್ತಿ ಸೋತಿತು. ಗಂಟಲಿಗೆ ನಳಿಗೆ ಹಾಕಿ ವೆಂಟಿಲೇಟರ್ ಹಚ್ಚಿದೆವು. ಮೂರು ದಿನ ಅದರ ಮೇಲೆ ಇದ್ದ. ಅಪ್ಪ ಶೆಡ್ಡಿಗೆ ಹೋಗಿ ನೋಡಿದಾಗ ಗೋಡೆ ಪಕ್ಕ ಜೋಡಿಸಿದ್ದ ಇಟ್ಟಿಗೆಯ ಸಂದಿಯಲ್ಲಿ ಮಣ್ಯಾರ್ ಸುರುಳಿ ಸುತ್ತಿ ಕೂತಿತ್ತು.

ಕಟ್ಟುಹಾವಿನ ಹಲ್ಲು ಬಹಳ ಚಿಕ್ಕದು. ಸೊಳ್ಳೆ ಕಚ್ಚಿದಷ್ಟೂ ಗುರುತು ಉಳಿಯದೆ ಇರಬಹುದು. ಊತ ಬರುವುದಿಲ್ಲ. ಹಗಲಲ್ಲಿ ಸಂದಿಗೊಂದಿಯಲ್ಲಿ ಬಿದ್ದಿದ್ದು, ರಾತ್ರಿ ಬೇಟೆಗೆ ಬರುತ್ತದೆ. ನೆಲದ ಮೇಲೆ ಮಲಗಿದವರ ಪಕ್ಕ ಹರಿದುಹೋಗುವಾಗ ಅವರು ಮಗ್ಗುಲು ಬದಲಿಸಿದರೆ ಕಡಿಯುತ್ತದೆ. ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಗಂಟಲು ಹಿಡಿದ ಹಾಗೆ ಅನಿಸುವುದು, ಕಣ್ಣು ಮಂಜಾಗುವುದು, ರೆಪ್ಪೆ ಭಾರವಾಗುವುದು ಅಂತ ಹೇಳಿದರೆ, ಗ್ಯಾಸ್ ಅಂತ ಕೂರಬೇಡಿ. ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ. "ನೆಲದ ಮೇಲೆ ಮಲಗಿದ್ದೆವು" ಅಂತ ನೀವಾಗಿಯೇ ಹೇಳಿ. ಕೇಳುವವರೆಗೆ ಕಾಯಬೇಡಿ.

ಇನ್ನೊಂದು ಮಾತು. ಈ ವಿಷ ಏರಿದವರು ಕಣ್ಣು ಮುಚ್ಚಿ, ಕೈಕಾಲು ಆಡಿಸದೆ, ಸತ್ತವರ ಹಾಗೆ ಕಾಣಬಹುದು. ಆದರೆ ಅವರಿಗೆ ಎಚ್ಚರ ಇರಬಹುದು, ನೀವು ಆಡುವ ಮಾತು ಕೇಳಿಸುತ್ತಿರಬಹುದು. ಉಸಿರಿಗೆ ಆಸರೆ ಕೊಟ್ಟರೆ ಬದುಕುತ್ತಾರೆ. ಉಸಿರು ನಿಂತರೆ ಬಾಯಿಗೆ ಬಾಯಿ ಇಟ್ಟು ಗಾಳಿ ಊದುತ್ತಾ ಆಸ್ಪತ್ರೆವರೆಗೆ ತನ್ನಿ. ದಾರಿಯಲ್ಲೇ "ಹೋಗಿಬಿಟ್ಟ" ಅಂತ ಗಾಡಿ ತಿರುಗಿಸಬೇಡಿ.

ಹಾಗಾದರೆ ಎಲ್ಲಿ ಮಲಗೋದು? ಎಲ್ಲರಿಗೂ ಮಂಚ ಎಲ್ಲಿಂದ ತರೋದು?

ಸೆಂಟ್ರಿಂಗ್ ಹಲಗೆಯನ್ನು ನಾಲ್ಕು ಮೂಲೆಗೆ ಇಟ್ಟಿಗೆ ಪೇರಿಸಿ ಎತ್ತರಿಸಿದರೂ ನೆಲಕ್ಕಿಂತ ಮೇಲೇ ಆಯಿತು. ಅದರ ಮೇಲೆ ಸೊಳ್ಳೆ ಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿ. ಸುಮ್ನೆ ಇಳಿಬಿಟ್ಟರೆ ಪ್ರಯೋಜನವಿಲ್ಲ. ನೇಪಾಳದ ಆಗ್ನೇಯ ಭಾಗದ ಹಳ್ಳಿಗಳಲ್ಲಿ ಅಧ್ಯಯನ ಮಾಡಿದಾಗ, ಪರದೆಯೊಳಗೆ ಮಲಗುವವರಿಗೆ ಹಾವು ಕಡಿತ ಕಮ್ಮಿ ಅಂತ ಕಂಡಿತ್ತು. 2007ರಲ್ಲಿ ಅದು ಪ್ರಕಟವಾಯಿತು. ಒಂದು ಪರದೆಗೆ ಮಲೇರಿಯಾ, ಮಣ್ಯಾರ್ ಎರಡೂ ದೂರ. ಎಲ್ಲರಿಗೂ ಆಗದಿದ್ದರೆ ಮೊದಲು ಮಕ್ಕಳನ್ನು ಮೇಲೆ ಮಲಗಿಸಿ.

ಮುಕಾದಮ್ ಹತ್ತಿರ, ಕಾಂಟ್ರಾಕ್ಟರ್ ಹತ್ತಿರ ಕೇಳಲು ಸಂಕೋಚ ಬೇಡ. ಶೆಡ್ಡಿಗೆ ಬೆಳಕು, ತಗಡಿನ ಕೆಳಗಿನ ಸಂದಿ ಮುಚ್ಚುವುದು, ಮಲಗಲು ಕಟ್ಟೆ, ಹತ್ತಿರದಲ್ಲೇ ಲೈಟಿರುವ ಕಕ್ಕಸು. ಇವು ದೊಡ್ಡ ಖರ್ಚಿನ ಕೆಲಸವಲ್ಲ. ಇಪ್ಪತ್ತು ಮಹಡಿ ಎಬ್ಬಿಸುವ ಕಡೆ ಎರಡಡಿ ಎತ್ತರದ ಕಟ್ಟೆ ಕಟ್ಟಲು ಆಗುವುದಿಲ್ಲವಾ?

ಶೆಡ್ಡಿನ ಹತ್ತಿರ ಹಾವು ಬರದ ಹಾಗೆ ಏನು ಮಾಡಬೇಕು? ಫಿನಾಯಿಲ್ ಹಾಕಿದರೆ ಸಾಕಾ?

ಫಿನಾಯಿಲ್, ಬೆಳ್ಳುಳ್ಳಿ, ಕಾರ್ಬೋಲಿಕ್ ಆ್ಯಸಿಡ್ ಯಾವುದನ್ನೂ ನಂಬಿ ಮಲಗಬೇಡಿ. ಆ್ಯಸಿಡ್ ಅಂತೂ ಮಕ್ಕಳ ಕೈಕಾಲು ಸುಡುತ್ತದೆ.

ಹಾವು ಬರುವುದು ಇಲಿ, ಕಪ್ಪೆಗಾಗಿ. ಇಲಿ ಬರುವುದು ಉಳಿದ ರೊಟ್ಟಿ, ಅನ್ನ, ಕಸಕ್ಕಾಗಿ. ಮುಸುರೆಯನ್ನು ಬಾಗಿಲಲ್ಲೇ ಚೆಲ್ಲದಿದ್ದರೆ ಅರ್ಧ ಕೆಲಸ ಮುಗಿಯಿತು. ಇಟ್ಟಿಗೆ, ಹಲಗೆ, ಸೌದೆ ರಾಶಿಯನ್ನು ಮಲಗುವ ಗೋಡೆಗೆ ಆನಿಸಿ ಇಡಬೇಡಿ. ಬೆಳಿಗ್ಗೆ ಆ ರಾಶಿಯಿಂದ ಹಲಗೆ ಎತ್ತುವಾಗ ಬೆರಳು ತೂರಿಸಬೇಡಿ, ಮೊದಲು ಹಾರೆಯಿಂದ ಮಗುಚಿ. ಬೂಟು, ಹೆಲ್ಮೆಟ್ಟು ಕೊಡವಿ ಹಾಕಿಕೊಳ್ಳಿ. ರಾತ್ರಿ ಹೊರಗೆ ಹೋಗುವಾಗ ಬ್ಯಾಟರಿ ಬೇಕೇ ಬೇಕು. ಮೊಬೈಲಿನ ಲೈಟಾದರೂ ಸರಿ. ಕೋಲಿನಿಂದ ನೆಲ ಕುಟ್ಟುತ್ತಾ ಹೋಗಿ. ನೆಲದ ಅದುರಿಕೆ ಹಾವಿಗೆ ಚೆನ್ನಾಗಿ ತಿಳಿಯುತ್ತದೆ.

ನಾವು ಕಬ್ಬು ಕಡಿಯೋಕೆ ಹೋಗ್ತೀವಿ. ಅಲ್ಲಿ?

ಬಾರಾಮತಿ, ಇಂದಾಪುರ, ದೌಂಡ್ ಕಡೆಯ ಕಬ್ಬಿನ ಗದ್ದೆಯಲ್ಲಿ ಘೋಣಸ್ ಇರುತ್ತದೆ. ರವದಿಯ, ಅಂದರೆ ಕಬ್ಬಿನ ಒಣ ಎಲೆಯ ಬಣ್ಣವೂ ಅದರ ಬಣ್ಣವೂ ಒಂದೇ. ಮೊಣಕಾಲುದ್ದದ ಗಮ್‌ಬೂಟು ಇದ್ದರೆ ಎಷ್ಟೋ ಕಡಿತ ತಪ್ಪುತ್ತದೆ. ಕಡಿತ ಹೆಚ್ಚಾಗಿ ಪಾದಕ್ಕೆ, ಮೀನಖಂಡಕ್ಕೆ ಆಗುವುದು. ಬಾಗಿ ಬುಡಕ್ಕೆ ಕೈ ಹಾಕುವ ಮುಂಚೆ ಕೋಲಿನಿಂದ ರವದಿ ಸರಿಸಿ. ಕೂಸನ್ನು ರವದಿಯ ಮೇಲೆ ಮಲಗಿಸಬೇಡಿ. ಗಿಡಕ್ಕೆ ಜೋಳಿಗೆ ಕಟ್ಟಿ ಮಲಗಿಸಿ.

ಮಂತ್ರ ಹಾಕಿಸಿ ಬದುಕಿದವರನ್ನ ನಾನೇ ಕಣ್ಣಾರೆ ನೋಡಿದೀನಿ. ಅದೆಲ್ಲಾ ಸುಳ್ಳಾ?

ಅವರು ಬದುಕಿದ್ದು ಸುಳ್ಳಲ್ಲ. ನಮ್ಮ ಸುತ್ತಲಿನ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಬರೀ ಹಲ್ಲು ಊರಿ ಹೋಗುತ್ತದೆ. ಅಂಥವರು ಮಂತ್ರ ಹಾಕಿಸಿದರೂ ಬದುಕುತ್ತಾರೆ, ಹಾಕಿಸದಿದ್ದರೂ ಬದುಕುತ್ತಾರೆ. ಹೆಸರು ಮಾತ್ರ ಮಂತ್ರದವರಿಗೆ ಬರುತ್ತದೆ.

ಬೇವಿನ ಸೊಪ್ಪು ತಿನ್ನಿಸಿ, ಕಹಿ ಗೊತ್ತಾದರೆ ವಿಷ ಏರಿಲ್ಲ ಅನ್ನುವುದು, ಮೆಣಸಿನಕಾಯಿ ಅಗಿಸಿ ಖಾರ ಕೇಳುವುದು, ಇವೂ ಅಷ್ಟೇ. ಘೋಣಸ್ ಕಡಿದವರಿಗೆ ಕಹಿಯೂ ತಿಳಿಯುತ್ತದೆ, ಖಾರವೂ ತಿಳಿಯುತ್ತದೆ. ಒಳಗೆ ರಕ್ತ ಕೆಡುತ್ತಲೇ ಇರುತ್ತದೆ. ಗಾಯಕ್ಕೆ ಅಂಟಿಸುವ ಹರಳು ವಿಷ ಹೀರುವುದಿಲ್ಲ.

ದೇವರ ಮೇಲಿನ ನಂಬಿಕೆ ಬಿಡಿ ಅಂತ ನಾನು ಹೇಳುವುದಿಲ್ಲ. ನಾನೂ ನಾಗರ ಪಂಚಮಿಗೆ ಹಾಲು ಎರೆದು ಬೆಳೆದವಳು. ದಾರಿಯುದ್ದಕ್ಕೂ ಬೇಡಿಕೊಳ್ಳಿ. ಆಂಬುಲೆನ್ಸು ಮಾತ್ರ ನಿಲ್ಲಬಾರದು. ಅಯ್ಯೋ ಪಾಪ ಅಂತ ಕಟ್ಟುವ ಹಗ್ಗ, ಕರೆತರುವ ಮಂತ್ರದವರು, ಕುಡಿಸುವ ಕಷಾಯ ಎಲ್ಲವೂ ಪ್ರೀತಿಯಿಂದಲೇ ಮಾಡಿದ್ದು. ಆದರೆ ಒಂದೊಂದಕ್ಕೂ ಅರ್ಧ ಗಂಟೆ ಹೋಗುತ್ತದೆ. ಕಡಿತದಿಂದ ಅಲ್ಲ, ಹೀಗೆ ಕಳೆದ ಹೊತ್ತಿನಿಂದ ಸತ್ತವರನ್ನು ನಾನು ಜಾಸ್ತಿ ನೋಡಿದ್ದೇನೆ.

ಯಾವ ಆಸ್ಪತ್ರೆಗೆ ಹೋಗಬೇಕು? ನಮಗೆ ಮರಾಠಿ ಬರಲ್ಲ.

108ಕ್ಕೆ ಹೇಳಬೇಕಾದ್ದು ಎರಡೇ ಪದ: "ಸಾಪ್ ಚಾವ್ಲಾ". ಹಾವು ಕಡಿದಿದೆ ಅಂತ ಅರ್ಥ. ಆಮೇಲೆ ಜಾಗದ ಹೆಸರು. ನಿಮ್ಮ ಸೈಟಿನ ಹೆಸರು, ಹತ್ತಿರದ ಚೌಕದ ಹೆಸರು ಈಗಲೇ ಬಾಯಿಪಾಠ ಮಾಡಿಕೊಳ್ಳಿ. ಹೆಂಗಸರಿಗೂ, ಮಕ್ಕಳಿಗೂ ಕಲಿಸಿ. ಗಂಡಸರು ಕೆಲಸಕ್ಕೆ ಹೋದಾಗ ಕಡಿದರೆ ಫೋನ್ ಮಾಡುವವರು ಅವರೇ ಅಲ್ವಾ?

ಊರೊಳಗಿದ್ದರೆ ಪುಣೆ ಸ್ಟೇಶನ್ ಹತ್ತಿರದ ಸಸೂನ್, ಪಿಂಪ್ರಿಯ ವೈಸಿಎಂ, ಔಂಧ್‌ನ ಜಿಲ್ಲಾ ಆಸ್ಪತ್ರೆ. ಹಳ್ಳಿ ಕಡೆ ಇದ್ದರೆ "ಗ್ರಾಮೀಣ ರುಗ್ಣಾಲಯ" ಅಥವಾ "ಉಪಜಿಲ್ಹಾ ರುಗ್ಣಾಲಯ" ಅಂತ ಬೋರ್ಡು ಹುಡುಕಿ. ಗೋವಾದಲ್ಲಿರುವವರು ಕೂಡ 108ಕ್ಕೇ ಫೋನ್ ಮಾಡಿ. ಅಲ್ಲಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು. ಮುಂಬೈಯಲ್ಲಿ ಕೆಇಎಂ, ಸಾಯನ್, ನಾಯರ್.

ದೂರದ ದೊಡ್ಡ ಆಸ್ಪತ್ರೆಯೇ ಬೇಕು ಅಂತ ಹಟ ಬೇಡ. ಔಷಧ ಇರುವ ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಡೋಸ್ ಶುರುವಾಗಲಿ, ಆಮೇಲೆ ಅವರೇ ಮುಂದಕ್ಕೆ ಕಳಿಸುತ್ತಾರೆ. ಬೈಕ್ ಒಂದೇ ಗತಿಯಾದರೆ ಕಡಿಸಿಕೊಂಡವರನ್ನು ನಡುವೆ ಕೂರಿಸಿ, ಹಿಂದೆ ಇನ್ನೊಬ್ಬರು ಹಿಡಿದುಕೊಂಡು ಕೂರಲಿ.

ಆಸ್ಪತ್ರೆಯಲ್ಲಿ ರಕ್ತ ತೆಗೆದು ಸುಮ್ನೆ ಕೂರಿಸ್ತಾರೆ. ಇಂಜೆಕ್ಷನ್ ಯಾಕೆ ಕೊಡಲ್ಲ?

ಸುಮ್ನೆ ಕೂರಿಸಿರುವುದಿಲ್ಲ. ಸ್ವಲ್ಪ ರಕ್ತವನ್ನು ಹೊಸ, ಒಣ ಗಾಜಿನ ನಳಿಕೆಗೆ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡುತ್ತೇವೆ. ಆಮೇಲೆ ಮೆಲ್ಲಗೆ ವಾಲಿಸುತ್ತೇವೆ. ಗಟ್ಟಿ ಮೊಸರಿನ ಹಾಗೆ ನಿಂತರೆ ಆ ಹೊತ್ತಿಗೆ ರಕ್ತ ಸರಿಯಿದೆ. ನೀರಿನ ಹಾಗೆ ಹರಿದುಬಂದರೆ ವಿಷ ಕೆಲಸ ಮಾಡುತ್ತಿದೆ ಅಂತ. ಯಾವ ದೊಡ್ಡ ಯಂತ್ರವೂ ಬೇಡದ ಪರೀಕ್ಷೆ ಇದು. ನಳಿಕೆ ವಾಲಿಸುವಾಗ ಇವತ್ತಿಗೂ ನನ್ನ ಕೈ ತಣ್ಣಗಾಗುತ್ತದೆ. ಮೊದಲ ಸಲ ಸರಿ ಬಂದರೂ ಮತ್ತೆ ಮತ್ತೆ ನೋಡಬೇಕು, ವಿಷ ತಡವಾಗಿ ಏರಬಹುದು. ಅದಕ್ಕೇ 24 ಗಂಟೆ ಇಟ್ಟುಕೊಳ್ಳುವುದು. "ಏನೂ ಆಗಿಲ್ಲ, ಹಾಜರಿ ಹೋಗುತ್ತೆ" ಅಂತ ಎದ್ದು ಹೋಗಬೇಡಿ.

ಲಕ್ಷಣ ಕಂಡರೆ ಮಾತ್ರ ಔಷಧ. ವಿಷವೇ ಏರದವರಿಗೆ ಕೊಟ್ಟರೆ ಲಾಭವಿಲ್ಲ, ರಿಯಾಕ್ಷನ್ ಅಪಾಯ ಮಾತ್ರ ಉಳಿಯುತ್ತದೆ.

ಈ ಎಎಸ್‌ವಿ ಅಂದರೆ ಏನು? ಎಲ್ಲಿಂದ ಬರುತ್ತೆ?

ಹಾವಿನ ವಿಷವನ್ನು ತೀರಾ ಸ್ವಲ್ಪ ಸ್ವಲ್ಪ ಕುದುರೆಗೆ ಚುಚ್ಚುತ್ತಾ ಹೋಗುತ್ತಾರೆ. ಕುದುರೆಯ ರಕ್ತದಲ್ಲಿ ಆ ವಿಷವನ್ನು ಹಿಡಿದು ನಿಲ್ಲಿಸುವ ಅಂಶ ಹುಟ್ಟುತ್ತದೆ. ಅದನ್ನು ಶುದ್ಧ ಮಾಡಿ ಸೀಸೆಗೆ ತುಂಬುತ್ತಾರೆ. ಅದೇ ಎಎಸ್‌ವಿ. ನಾವು ಮೇಲೆ ಹೇಳಿದ ನಾಲ್ಕು ಹಾವುಗಳ ವಿಷಕ್ಕೂ ಒಂದೇ ಸೀಸೆ.

ವಿಷ ಬರುವುದು ಹೆಚ್ಚಾಗಿ ತಮಿಳುನಾಡಿನಿಂದ. ಅಲ್ಲಿ ಇರುಳ ಸಮುದಾಯದ ಹಾವು ಹಿಡಿಯುವವರು 1978ರಲ್ಲಿ ಸಹಕಾರಿ ಸಂಘ ಕಟ್ಟಿಕೊಂಡರು. ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿದೆ. ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಔಷಧ ತಯಾರಾಗುವ ಜಾಗಗಳಲ್ಲಿ ಕೆಲವು ನಮ್ಮ ಪಕ್ಕದಲ್ಲೇ ಇವೆ. ಪ್ಲೇಗ್ ಕಾಲದಲ್ಲಿ ಮುಂಬೈಯ ಪರೇಲ್‌ನಲ್ಲಿ ನೆಲೆಯೂರಿದ ಹಾಫ್ಕಿನ್ ಸಂಸ್ಥೆಯ ಹೆಸರಿನ ಸರ್ಕಾರಿ ಔಷಧ ಕಂಪನಿಗೆ ಪಿಂಪ್ರಿಯಲ್ಲಿ ಘಟಕ ಇದೆ. ಪುಣೆ ಜಿಲ್ಲೆಯ ನಾರಾಯಣಗಾಂವ್‌ನಲ್ಲೂ ಎಎಸ್‌ವಿ ತಯಾರಾಗುತ್ತದೆ.

ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ಒಂದೇ ಜಾತಿಯ ಹಾವಾದರೂ ಊರಿಂದ ಊರಿಗೆ ವಿಷದಲ್ಲಿ ವ್ಯತ್ಯಾಸ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಕಾರ್ತಿಕ್ ಸುನಗಾರ್ ಅವರ ತಂಡ ಇದರ ಮೇಲೆ ಕೆಲಸ ಮಾಡುತ್ತಿದೆ. ಗೋವಾ ಮತ್ತು ಪಶ್ಚಿಮ ಘಟ್ಟದ ಕಡೆ ಇರುವ ಗೂನುಮೂಗಿನ ಮಂಡಲದ ಹಾವಿಗೆ ಈಗಿನ ಎಎಸ್‌ವಿ ಕೆಲಸ ಮಾಡುವುದಿಲ್ಲ. ಹಾಗಂತ ಆಸ್ಪತ್ರೆ ಬಿಡುವಂತಿಲ್ಲ. ರಕ್ತ, ಮೂತ್ರಪಿಂಡ ನೋಡಿಕೊಳ್ಳುವವರು ಅಲ್ಲೇ ಇರುವುದು.

ಮಗುವಿಗೆ ಅರ್ಧ ಡೋಸ್ ಸಾಕಲ್ವಾ? ಬಸುರಿ ಹೆಂಗಸಿಗೆ ಕೊಡಬಹುದಾ?

ಮಗುವಿಗೂ ದೊಡ್ಡವರಷ್ಟೇ. ಮಗು ಅಂತ ಹಾವು ವಿಷ ಕಮ್ಮಿ ಬಿಡುವುದಿಲ್ಲವಲ್ಲ. ಸಾಮಾನ್ಯವಾಗಿ ಹತ್ತು ಸೀಸೆಯಿಂದ ಶುರು. ಬಸುರಿಯರಿಗೂ ಕೊಡಲೇಬೇಕು. ತಾಯಿ ಉಳಿದರೆ ತಾನೇ ಕೂಸು ಉಳಿಯುವುದು.

ಆ ಔಷಧದಿಂದಲೇ ಜೀವ ಹೋಗುತ್ತೆ ಅಂತಾರೆ. ನಿಜವಾ?

ರಿಯಾಕ್ಷನ್ ಆಗಬಹುದು. ಮೈ ತುರಿಕೆ, ದದ್ದು, ಚಳಿ ನಡುಕ, ಕೆಲವರಿಗೆ ಉಸಿರಾಟದ ತೊಂದರೆ, ಬಿಪಿ ಇಳಿಯುವುದು. ಅದಕ್ಕೆ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲೇ ತುಂಬಿಟ್ಟುಕೊಂಡಿರುತ್ತೇವೆ. ಡ್ರಿಪ್ ನಿಲ್ಲಿಸಿ, ಅದನ್ನು ಕೊಟ್ಟು, ಸರಿಯಾದ ಮೇಲೆ ಮತ್ತೆ ಮುಂದುವರಿಸುತ್ತೇವೆ. ತುರಿಕೆ ಶುರುವಾದರೆ ಸಂಕೋಚ ಪಡದೆ ನರ್ಸನ್ನು ಕೂಗಿ. ಮರಾಠಿಯಲ್ಲಿ ತುರಿಕೆಗೆ "ಖಾಜ್" ಅಂತಾರೆ. ಮನೆಯಲ್ಲೋ, ಸಲಕರಣೆ ಇಲ್ಲದ ಕಡೆಯೋ ಇದನ್ನು ಹಾಕಿಸಬಾರದು ಅನ್ನುವುದು ಇದಕ್ಕೇ.

ದುಡ್ಡು ಎಷ್ಟು ಬೇಕು?

ಸರ್ಕಾರಿ ಆಸ್ಪತ್ರೆಯಲ್ಲಿ ಎಎಸ್‌ವಿ ಉಚಿತ. ಆಧಾರ್ ಊರಲ್ಲಿದೆ, ರೇಷನ್ ಕಾರ್ಡ್ ಕರ್ನಾಟಕದ್ದು ಅಂತ ಹಿಂಜರಿಯಬೇಡಿ. ಮೊದಲು ಚಿಕಿತ್ಸೆ, ಕಾಗದ ಆಮೇಲೆ.

ಹಾವು ಕಂಡರೆ ಯಾರನ್ನ ಕರೀಬೇಕು?

ಮಹಾರಾಷ್ಟ್ರದಲ್ಲಿ ಹಾವು ಹಿಡಿದು ದೂರ ಬಿಡುವವರಿಗೆ ಸರ್ಪಮಿತ್ರ ಅಂತಾರೆ. ಅರಣ್ಯ ಇಲಾಖೆಯ ಸಹಾಯವಾಣಿ 1926. ಅವರು ಬರುವವರೆಗೆ ಮಕ್ಕಳನ್ನು ಒಳಗೆ ಕರೆದುಕೊಂಡು, ಒಬ್ಬರು ದೂರದಿಂದ ಹಾವಿನ ಮೇಲೆ ಕಣ್ಣಿಟ್ಟರೆ ಸಾಕು. ಹಲವು ಹಾವುಗಳನ್ನು ಕೊಲ್ಲುವುದು 1972ರ ವನ್ಯಜೀವಿ ಕಾನೂನಿನ ಪ್ರಕಾರ ಅಪರಾಧ. ಕೊಂದರೆ ಜೋಡಿ ಹಾವು ಸೇಡು ತೀರಿಸಲು ಬರುತ್ತದೆ ಅನ್ನುವುದು ಮಾತ್ರ ಬರೀ ಕಥೆ.

ಇದೇನು ಅಷ್ಟು ದೊಡ್ಡ ರೋಗವಾ? ಟಿವಿಯಲ್ಲಿ ಯಾರೂ ಹೇಳಲ್ಲ.

2000ದಿಂದ 2019ರ ನಡುವೆ ನಮ್ಮ ದೇಶದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರು ಅಂತ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58,000. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ, ಸತ್ತವರಲ್ಲಿ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆದವರು ನಾಲ್ಕರಲ್ಲಿ ಒಬ್ಬರೂ ಇರಲಿಲ್ಲ. ಮಿಕ್ಕವರು ಮನೆಯಲ್ಲಿ, ದಾರಿಯಲ್ಲಿ, ಗದ್ದೆಯಲ್ಲಿ. ಸರ್ಕಾರದ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ.

ಲೆಕ್ಕದಲ್ಲಿ ಇಲ್ಲದಿದ್ದರೆ ಔಷಧದ ದಾಸ್ತಾನೂ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ಕಡೆಗಣಿಸಲ್ಪಟ್ಟ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಅಂತ ಘೋಷಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ಯೋಜನೆ ತಂದಿತು. ನವೆಂಬರ್‌ನಲ್ಲಿ ಎಲ್ಲ ರಾಜ್ಯಗಳೂ ವರದಿ ಕಡ್ಡಾಯ ಮಾಡಲಿ ಅಂತ ಕೇಳಿಕೊಂಡಿತು. ಊರು ಬಿಟ್ಟು ಬಂದ ನಮ್ಮ ಜನ ಇಲ್ಲಿಯ ಲೆಕ್ಕದಲ್ಲೂ ಇಲ್ಲ, ಅಲ್ಲಿಯ ಲೆಕ್ಕದಲ್ಲೂ ಇಲ್ಲ ಅನ್ನುವ ಹಾಗೆ ಆಗಬಾರದು. ಕೇಸ್ ಪೇಪರಿನಲ್ಲಿ "ಹಾವು ಕಡಿತ" ಅಂತ ಬರೆದಿದ್ದಾರಾ ಅಂತ ಕೇಳಿ ನೋಡಿಕೊಳ್ಳಿ. ಪರಿಹಾರ ಕೇಳುವಾಗಲೂ ಆ ಕಾಗದ ಬೇಕಾಗುತ್ತದೆ. ಮಹಾರಾಷ್ಟ್ರದ ರೈತ ಕುಟುಂಬಗಳಿಗೆ ಗೋಪಿನಾಥ ಮುಂಡೆ ಹೆಸರಿನ ಅಪಘಾತ ಯೋಜನೆಯಲ್ಲಿ ಹಾವು ಕಡಿತದ ಸಾವಿಗೆ 2 ಲಕ್ಷ ರೂಪಾಯಿ ಇದೆ.

ಚೇಳು ಕಡಿದರೂ ಇದೇ ಔಷಧವಾ?

ಅಲ್ಲ. ಕೆಂಪು ಚೇಳು ಕಡಿದು ಮೈ ಬೆವರಿ, ತಣ್ಣಗಾಗಿ, ಎದೆ ಹೊಡೆದುಕೊಂಡರೆ ಅದೂ ತುರ್ತು. ರಾಯಗಡ ಜಿಲ್ಲೆಯ ಮಹಾಡ್‌ನ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಬಿಪಿ ಮಾತ್ರೆಯಿಂದ ಚೇಳಿನ ಸಾವನ್ನು ಬಹಳ ಕಮ್ಮಿ ಮಾಡಿ ತೋರಿಸಿದರು. 2022ರಲ್ಲಿ ಪದ್ಮಶ್ರೀ ಬಂತು. ಮಾತ್ರೆ ನೀವೇ ತಗೊಳ್ಳಬೇಡಿ, ಡಾಕ್ಟರ್ ಕೊಡಲಿ.

ವಾಸಿಯಾಗಿ ಮನೆಗೆ ಬಂದ ಮೇಲೆ ಏನಾದರೂ ನೋಡಿಕೊಳ್ಳಬೇಕಾ?

ಒಂದೆರಡು ವಾರದೊಳಗೆ ಜ್ವರ, ಕೀಲುನೋವು, ಮೈಮೇಲೆ ದದ್ದು ಬಂದರೆ ಅದು ಔಷಧದ ತಡವಾದ ರಿಯಾಕ್ಷನ್ ಇರಬಹುದು. ಗುಣವಾಗುತ್ತದೆ, ತೋರಿಸಿ. ಘೋಣಸ್ ಕಡಿದವರು ಹೇಳಿದ ದಿನಕ್ಕೆ ಹೋಗಿ ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಗಾಯ ಕಪ್ಪಾದರೆ ಮನೆಯಲ್ಲಿ ಬೂದಿ ಹಚ್ಚಬೇಡಿ. ಒಮ್ಮೆ ಎಎಸ್‌ವಿ ಕೊಟ್ಟವರಿಗೆ ಮತ್ತೆ ಹಾವು ಕಡಿದರೆ ಮತ್ತೆ ಕೊಡಬಹುದು. ಆದರೆ ಹಿಂದೆ ಕೊಟ್ಟಿದ್ದರು ಅಂತ ಡಾಕ್ಟರಿಗೆ ತಿಳಿದಿರಬೇಕು, ಆದ್ದರಿಂದ ಡಿಸ್‌ಚಾರ್ಜ್ ಕಾಗದ ಎಸೆಯಬೇಡಿ.

ಆ ಎಂಟು ವರ್ಷದ ಹುಡುಗನ ಅವ್ವ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಶೆಡ್ಡಿನ ತಗಡಿಗೆ ತಂತಿಯಿಂದ ಸಿಕ್ಕಿಸಿದ್ದಾರೆ. ಅದರ ಕೆಳಗೆ ಇದ್ದಿಲಿನಿಂದ 108 ಅಂತ ಹುಡುಗನೇ ಬರೆದಿದ್ದಾನೆ. ಮೊನ್ನೆ ಹೋದಾಗ ಅವನು ಹಲಗೆ ಮಂಚದ ಮೇಲೆ, ಪರದೆಯೊಳಗೆ ಕೂತು ಲೆಕ್ಕ ಮಾಡುತ್ತಿದ್ದ.